ಎಲಿಸಮ್ಮನ ಭಾನುವಾರ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು, ಶನಿವಾರ ರಜದ ಗಾಣ ಎಲ್ಲಿ ಎಂದು ಕೇಳಿ ನೋಡಿ. ಬೀಡಾ ಅಂಗಡಿಯವನು ತಲೆ ಕೂಡ ಎತ್ತದೆ ಕೈ ತೋರಿಸುತ್ತಾನೆ. ಅದು ಎಲಿಸಮ್ಮನ ಎಣ್ಣೆ ಗಾಣ. ಆಕೆಯ ಪೂರ್ತಿ ಹೆಸರು ಎಲಿಶೇಬಾ ಪೇಣ್ಕರ್. ಅಷ್ಟುದ್ದದ ಹೆಸರನ್ನು ಬಾಯಲ್ಲಿಟ್ಟುಕೊಂಡು ತಿರುಗುವಷ್ಟು ಪುರುಸೊತ್ತು ಕ್ರಾಸಿನ ಜನಕ್ಕೆ ಎಲ್ಲಿದೆ? ಎಲಿಸಮ್ಮ ಎಂದರು, ಮುಗಿಯಿತು.

ಎಲಿಸಮ್ಮನದು ಯೆಹೂದಿ ಮನೆತನ. ಅವರ ಹಿರೀಕರು ಕೊಂಕಣದ ಕಡಲ ತೀರದಲ್ಲಿ ಎಣ್ಣೆ ತೆಗೆದು ಬದುಕಿದವರು. ಶನಿವಾರ ಅವರಿಗೆ ದೇವರ ದಿನ. ಅವತ್ತು ಒಲೆ ಹೊತ್ತಿಸುವುದಿಲ್ಲ, ಗಾಣ ಕಟ್ಟುವುದಿಲ್ಲ, ಒಂದು ಕಡ್ಡಿ ಮುರಿಯುವುದಿಲ್ಲ. ಅಪ್ಪ ರೈಲ್ವೆ ಗಾರ್ಡ್ ಆಗಿ ತಿಪಟೂರಿಗೆ ಬಂದವರು ನಿವೃತ್ತಿಯಾದ ಮೇಲೆ ಬೊಂಬಾಯಿಯ ದಾರಿ ಹಿಡಿಯಲಿಲ್ಲ. ಇಷ್ಟು ಕೊಬ್ಬರಿ ಇರುವ ಸೀಮೆಯನ್ನು ಬಿಟ್ಟುಹೋಗುವ ಎಣ್ಣೆಯವನು ಹುಚ್ಚನೇ ಸೈ ಎಂದು ಕ್ರಾಸಿನಲ್ಲೇ ಗಾಣ ಹಾಕಿದರು. ಪಕ್ಕದ ಊರು ಸಂಪಿಗೆಯ ಕಡೆಯವರಿಗೆ ಶನಿವಾರದ ರಜ ವಿಚಿತ್ರವೆನಿಸಲೇ ಇಲ್ಲ. ಶ್ರೀನಿವಾಸನ ಒಕ್ಕಲಾದ ಅವರಿಗೂ ಶನಿವಾರ ಒಪ್ಪತ್ತು. "ಆಯಮ್ಮಂದೂ ನಮ್ಮಂಗೇ ಏನೋ ಒಂದು ನೇಮ" ಎಂದು ಶುಕ್ರವಾರವೇ ಕೊಬ್ಬರಿ ತಂದು ಎಣ್ಣೆ ಬಿಡಿಸಿಕೊಂಡು ಹೋಗುತ್ತಿದ್ದರು.

ಆ ಅಪ್ಪ ಶುರು ಮಾಡಿದ ಇನ್ನೊಂದು ಕೆಲಸವೇ ಯೆಹೂದಿ ಊಟದ ಮೇಳ. ಸಂಕ್ರಾಂತಿ ಕಳೆದು ಬರುವ ಹುಣ್ಣಿಮೆಯ ಹೊತ್ತಿಗೆ ಅವರ ಪ್ರವಾದಿ ಎಲಿಯಾಹುವಿನ ಹಬ್ಬ. ಅದರ ಆಸುಪಾಸಿನ ಭಾನುವಾರ ಕ್ರಾಸಿನ ಸಮುದಾಯ ಭವನದಲ್ಲಿ ಊರಿಗೆಲ್ಲ ಊಟ. ಊಟಕ್ಕೆ ದುಡ್ಡಿಲ್ಲ. ಬಾಗಿಲಲ್ಲಿ ಒಂದು ಸೇರು ಧಾನ್ಯ ಅಳೆದು ಒಳಗೆ ಬರಬೇಕು: ರಾಗಿಯಾದರೆ ರಾಗಿ, ಅಕ್ಕಿಯಾದರೆ ಅಕ್ಕಿ, ಹುರುಳಿಯಾದರೆ ಹುರುಳಿ. ಆ ಧಾನ್ಯವೆಲ್ಲ ಗಾಣದ ಪಕ್ಕದ ಉಗ್ರಾಣಕ್ಕೆ ಹೋಗುತ್ತದೆ. ವರ್ಷವಿಡೀ ಅಲ್ಲಿಗೆ ಯಾರು ಬಂದು ಚೀಲ ಒಡ್ಡಿದರೂ ತುಂಬಿಸಿ ಕಳಿಸುವುದು. ಮಳೆಗಾಲದಲ್ಲಿ ಕೆಲಸ ತಪ್ಪುವ ಕೊಬ್ಬರಿ ಗೋದಾಮಿನ ಹೆಂಗಸರು, ರೇಷನ್ ಕಾರ್ಡು ರದ್ದಾದವರು, ಗಂಡ ಓಡಿಹೋದವರು, ಗಂಡ ಇದ್ದೂ ಇಲ್ಲದವರು. ಅಪ್ಪ ಹಾಕಿದ ನಿಯಮ ಒಂದೇ: ಕೇಳಿದವರಿಗೆ ಕೊಡು, ಯಾಕೆ ಅಂತ ಕೇಳಬೇಡ.

ಮೇಳದ ಅಡುಗೆಯೂ ಜನಕ್ಕೆ ಹೊರಗಿನದು ಎನಿಸಿರಲಿಲ್ಲ. ಮೊಳಕೆ ಬಂದ ಅವರೆಯ ಸಿಪ್ಪೆ ಬಿಡಿಸಿ ಮಾಡುವ ಬಿರ್ಡಾ ತಿಂದವರು "ಇದು ನಮ್ಮ ಹಿತಕಿದ ಬೇಳೆ ಸಾರಿನ ತಂಗಿ" ಎನ್ನುತ್ತಿದ್ದರು. ಗೋಧಿ ಹಾಲಿಗೆ ತೆಂಗಿನಹಾಲು ಸೇರಿಸಿ ಕೈ ಬಿದ್ದುಹೋಗುವಷ್ಟು ಹೊತ್ತು ಮಗುಚುವ ಹಲ್ವಾಕ್ಕೆ ಎಲಿಸಮ್ಮನ ಹಾಲುಬಾಯಿ ಎಂದೇ ಹೆಸರಾಯಿತು. ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಹಣ್ಣು ಹಾಕಿ ಕಲಸುವ ಮಲಿದಾ ಮಾತ್ರ ಪ್ರವಾದಿಯ ಹೆಸರಿನ ಪ್ರಸಾದ. ಅದರ ಮುಂದೆ ಪ್ರಾರ್ಥನೆ ಆಗದೆ ಯಾರೂ ಮುಟ್ಟುವಂತಿಲ್ಲ. ಮಾಂಸ ಮೊದಲು ಇತ್ತು. ಅವರ ಶಾಸ್ತ್ರದ ಪ್ರಕಾರ ಕುರಿ ಕೊಯ್ಯಬಲ್ಲ ಚಿಕ್ಕಪ್ಪ ತೀರಿಕೊಂಡ ಮೇಲೆ ಅದೂ ನಿಂತಿತು.

ಬೊಂಬಾಯಿ, ಠಾಣೆಗಳಿಂದ ಮೇಳಕ್ಕೆ ಬರುತ್ತಿದ್ದ ನೆಂಟರು ಚಿಕ್ಕಪ್ಪನ ಹಿಂದೆಯೇ ಒಬ್ಬೊಬ್ಬರಾಗಿ ಕರಗಿದರು. ಕೆಲವರು ತೀರಿಕೊಂಡರು, ಕೆಲವರು ದೇಶ ಬಿಟ್ಟರು, ಉಳಿದವರಿಗೆ ಮಂಡಿನೋವು. ಈ ವರ್ಷ ಕ್ರಾಸಿನಲ್ಲಷ್ಟೇ ಅಲ್ಲ, ಸುತ್ತಲಿನ ಮೂರು ತಾಲ್ಲೂಕು ಸುತ್ತಿದರೂ ಯೆಹೂದಿ ಎಂದರೆ ಎಲಿಸಮ್ಮ ಒಬ್ಬಳೇ.

ತಂಟೆ ಶುರುವಾದದ್ದೇ ಅಲ್ಲಿಂದ.

ಎಳ್ಳು ಬೀರಿದ ಮಾರನೆಯ ಬೆಳಗ್ಗೆ ಭವನದ ಟ್ರಸ್ಟಿನ ಕಾರ್ಯದರ್ಶಿ ಶ್ರೀರಂಗಯ್ಯ ಗಾಣದ ಜಗಲಿಗೆ ಬಂದು ಕುಳಿತ. ಸಂಪಿಗೆಯವನು, ಒಳ್ಳೆಯ ಮನುಷ್ಯ. ಆದರೆ ಯಾವ ಮಾತನ್ನೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಆಡುವವನು. ಅವತ್ತು ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅದನ್ನೇ ಅಗಿದ.

"ಏನ್ ಶ್ರೀರಂಗಯ್ಯ, ಬಾಯ್ನಾಗೆ ಎಳ್ಳು ಐತೋ ಮಾತು ಐತೋ?" ಎಂದಳು ಎಲಿಸಮ್ಮ.

"ಅಮ್ಮ, ನಿಮ್ಮ ಭಾನುವಾರದ ವಿಚಾರ ಕಣಮ್ಮ. ಅಧ್ಯಕ್ಷರು ಒಂದ್ಸಲ ಬಂದು ಹೋಗೋಕೆ ಹೇಳವ್ರೆ."

ಭವನದಲ್ಲಿ ಪ್ರತಿ ಸಮುದಾಯಕ್ಕೂ ವರ್ಷಕ್ಕೊಂದು ಭಾನುವಾರ ಬಾಡಿಗೆಯಿಲ್ಲದೆ ಸಿಗುತ್ತದೆ. ಇವರಿಗೊಂದು, ಅವರಿಗೊಂದು, ಹಾಗೆಯೇ ಎಲಿಸಮ್ಮನ ಅಪ್ಪನ ಕಾಲದಿಂದ ಯೆಹೂದಿಗಳಿಗೂ ಒಂದು. ಈಗಿನ ಅಧ್ಯಕ್ಷ ತೋಂಟದಾರ್ಯ ದೊಡ್ಡ ತೋಟದವನು, ಕೊಬ್ಬರಿ ಮಂಡಿಯಿಟ್ಟವನು. ಕೆಟ್ಟವನೇನಲ್ಲ. ಆದರೆ ತಾನು ಕೊಟ್ಟದ್ದು ತನ್ನ ಹೆಸರಿನಲ್ಲೇ ಇರಬೇಕು ಎನ್ನುವ ರೋಗ. ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟರೂ ಬೆಳಕು ಹೊರಗೆ ಬರದಷ್ಟು ದೊಡ್ಡದಾಗಿ ಹೆಸರು ಬರೆಸುವ ಪೈಕಿ.

"ಎಲಿಸಮ್ಮನೋರೇ, ನಿಮ್ಮ ಬಗ್ಗೆ ನಮಗೆ ಗೌರವ ಇದೆ. ಆದ್ರೆ ಟ್ರಸ್ಟಿನ ನಿಯಮ ಅಂತ ಒಂದಿದೆಯಲ್ಲ," ಎಂದ ಅವನು, ಎಲಿಸಮ್ಮ ಮಂಡಿಗೆ ಹೋಗಿ ಕುಳಿತಾಗ. "ಸಮುದಾಯ ಅಂದ್ರೆ ಹತ್ತು ಜನರಾದ್ರೂ ಬೇಕು. ನೀವು ಒಬ್ರೇ ಇದ್ದೀರಿ. ಒಬ್ರು ಸಮುದಾಯ ಹೇಗಾಗ್ತಾರೆ?"

"ನಮ್ಮಪ್ಪನ ಕಾಲದಾಗೆ ಈ ನಿಯಮ ಇತ್ತಾ?"

"ಆಗ ನೀವು ಜನ ಇದ್ರಿ, ನಿಯಮ ಬೇಕಾಗಿರಲಿಲ್ಲ." ತೋಂಟದಾರ್ಯ ಮುಂದಕ್ಕೆ ಬಾಗಿದ. "ನೋಡಿ, ಮೇಳ ನಿಲ್ಸಿ ಅಂತ ನಾನು ಹೇಳ್ತಿಲ್ಲ. ಟ್ರಸ್ಟೇ ಮಾಡುತ್ತೆ. ತೆಂಗು ಉತ್ಸವ ಅಂತ ಹೆಸರಿಡೋಣ. ನಿಮ್ಮ ಉಗ್ರಾಣಕ್ಕೆ ಒಂದು ಲಾರಿ ಅಕ್ಕಿ ನಾನು ಹಾಕಿಸ್ತೀನಿ. ಭಾನುವಾರ ಭವನದಲ್ಲಿ ಮದುವೆ ಇದೆ, ಶನಿವಾರ ಮಧ್ಯಾಹ್ನ ಇಟ್ಕೊಳ್ಳೋಣ. ಅಡುಗೆ ನಿಮ್ಮದೇ ಇರಲಿ."

ತೋಂಟದಾರ್ಯ ದನಿ ತಗ್ಗಿಸಿದ.

"ಆ ಯೆಹೂದಿ ಅನ್ನೋ ಹೆಸರು ಈಗ ಯಾಕೆ ಹೇಳಿ? ಟಿವಿ ತುಂಬ ಯುದ್ಧ. ಒಬ್ಬ ಬಂದು ಬೈತಾನೆ, ಇನ್ನೊಬ್ಬ ಬಾವುಟ ಕಟ್ತೀನಿ ಅಂತಾನೆ. ಎರಡೂ ತಲೆನೋವು."

"ಬೈಯೋನ್ಗೂ ಅನ್ನ ಇಕ್ತೀನಿ, ಬಾವುಟದೋನ್ಗೂ ಇಕ್ತೀನಿ," ಎಂದು ಎಲಿಸಮ್ಮ ಎದ್ದಳು. "ಬಾವುಟ ಮಾತ್ರ ಆಚೆ ಇಟ್ಟು ಬರ್ಲಿ. ಯಜಮಾನ್ರೆ, ಶನಿವಾರ ನಾನು ಒಲೆ ಹಚ್ಚಲ್ಲ. ನನ್ನ ಹೆಸರು ಅಳಿಸೋಕೂ ಬುಡಲ್ಲ. ನಮ್ಮಪ್ಪ ಇಟ್ಟ ಹೆಸರು ಅದು, ನಿಮ್ಮ ಲಾರಿ ಅಕ್ಕಿಗೆ ಮಾರ್ಕೊಳ್ಳೋಕೆ ಇಟ್ಟಿದ್ದಲ್ಲ."

"ಹಾಗಾದ್ರೆ ಸೋಮವಾರ ಸಭೆಗೆ ಹತ್ತು ಜನರನ್ನ ಕರ್ಕೊಂಡು ಬನ್ನಿ," ಎಂದ ತೋಂಟದಾರ್ಯ, ಮುಖದ ನಗೆ ಹಾಗೆಯೇ ಇಟ್ಟುಕೊಂಡು.

ದಾರಿಯುದ್ದಕ್ಕೂ ಎಲಿಸಮ್ಮನಿಗೆ ಮೈಯೆಲ್ಲ ಉರಿ. ಆ ಉರಿಯ ಒಳಗೊಂದು ಮುಳ್ಳು ಬೇರೆ ಇತ್ತು, ಅದನ್ನು ಹೊರಗೆ ಹೇಳಿಕೊಳ್ಳುವ ಹಾಗಿಲ್ಲ. ಹತ್ತು ಜನ ಬೇಕು ಎನ್ನುವುದು ತೋಂಟದಾರ್ಯನ ನಿಯಮ ಮಾತ್ರವಲ್ಲ, ಅವಳ ಧರ್ಮದ್ದೂ ಹೌದು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರು ಸೇರಬೇಕು. ಚಿಕ್ಕಪ್ಪ ಇದ್ದಾಗಲೂ ಆ ಲೆಕ್ಕದಲ್ಲಿ ಅವಳು ಇರಲಿಲ್ಲ. ಹಲ್ವಾ ಮಗುಚಿ ಮಗುಚಿ ರಟ್ಟೆ ಬಿದ್ದುಹೋಗಿದ್ದರೂ ಎಣಿಸುವಾಗ ಅವಳನ್ನು ಬಿಟ್ಟು ಎಣಿಸುತ್ತಿದ್ದರು. ಈಗ ನೋಡಿದರೆ ಇವನೂ ಎಣಿಸಿ ಕಡಿಮೆ ಎನ್ನುತ್ತಿದ್ದಾನೆ. ಠಾಣೆಯ ಸೋದರಳಿಯನಿಗೆ ಫೋನು ಮಾಡಿದರೆ ಅವನೂ ಅದನ್ನೇ ಹಾಡಿದ: ಹತ್ತು ಜನರಿಲ್ಲದೆ ಏನು ಮಾಡುತ್ತೀ ಅತ್ತೆ, ಸಾಕು ಮಾಡು, ಇಲ್ಲಿಗೆ ಬಂದುಬಿಡು.

"ನಾನು ಬಂದ್ರೆ ಉಗ್ರಾಣಕ್ಕೆ ಬರೋರು ಎಲ್ಲಿಗೆ ಹೋಗ್ಬೇಕು?" ಎಂದಳು. ಫೋನು ಇಟ್ಟಳು. ಉಗ್ರಾಣದಲ್ಲಿ ಆಗಲೇ ಕಣಜದ ತಳ ಕಾಣುತ್ತಿತ್ತು. ಮೇಳ ತಪ್ಪಿದರೆ ಬೇಸಗೆ ದಾಟುವುದೇ ಕಷ್ಟ, ಮಳೆಗಾಲದ ಮಾತು ದೂರ.

ಉಗ್ರಾಣದ ಬೀಗದ ಕೈ ಸಿದ್ದಕ್ಕನ ಸೊಂಟದಲ್ಲಿರುತ್ತದೆ. ಶೆಟ್ಟಿಕೆರೆಯ ಕಡೆಯವಳು, ಗೋದಾಮಿನಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸ. ಮೊದಲ ಸಲ ಚೀಲ ಹಿಡಿದು ಬಂದಾಗ ಬಾಯಿಯೇ ಬರದವಳು, ಈಗ ಬಾಯಿ ಮುಚ್ಚಿಸುವುದೇ ಕಷ್ಟ. ಎಲಿಸಮ್ಮ ವಿಷಯವನ್ನೆಲ್ಲ ಹೇಳಿಕೊಂಡಾಗ ಸಿದ್ದಕ್ಕ ಎಲೆಯಡಿಕೆ ಉಗಿದು ಬಂದು ಒಂದೇ ಮಾತು ಅಂದಳು:

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರೆ. ಆವಯ್ಯಂಗೆ ಮುತ್ತು ಕಾಣ್ಲಿಲ್ಲ, ಹತ್ತೇ ಬೇಕಾ? ಬುಡಿ, ಸೋಮವಾರ ತಾನೆ."

ಎಲಿಸಮ್ಮನಿಗೆ ಅದರ ಅರ್ಥ ಸೋಮವಾರದವರೆಗೂ ಆಗಲಿಲ್ಲ.

ಸಭೆ ಭವನದ ಪಡಸಾಲೆಯಲ್ಲಿ ನಡೆಯಿತು. ತೋಂಟದಾರ್ಯ, ಅಕ್ಕಪಕ್ಕ ಸದಸ್ಯರು, ಮೂಲೆಯಲ್ಲಿ ಶ್ರೀರಂಗಯ್ಯ. ಎಲಿಸಮ್ಮ ಒಬ್ಬಳೇ ಬಂದು ಎದುರಿಗೆ ಕುಳಿತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಸಿದ್ದಕ್ಕ ಮುಂದೆ, ಅವಳ ಹಿಂದೆ ಜೊತೆ ಕೆಲಸದ ಚಿಕ್ಕಗೌರಮ್ಮ, ಅವಳ ಹಿಂದೆ ಗೋದಾಮಿನ ಹೆಂಗಸರ ಒಂದು ದಂಡು. ಕೆಲಸದಿಂದ ನೇರ ಬಂದವರ ಸೆರಗಿನ ತುಂಬ ಕೊಬ್ಬರಿಯ ಹೊಟ್ಟು.

"ಯಜಮಾನ್ರೆ, ಹತ್ತು ಜನ ಕೇಳಿದ್ರಂತಲ್ಲ. ಹತ್ತಕ್ಕೆ ಮ್ಯಾಲೇ ಇದೀವಿ," ಎಂದಳು ಸಿದ್ದಕ್ಕ. "ನಾವೆಲ್ಲ ಎಲಿಯಪ್ಪನ ಒಕ್ಕಲು."

ತೋಂಟದಾರ್ಯ ಕನ್ನಡಕ ತೆಗೆದ. "ಯಾವ ಎಲಿಯಪ್ಪ?"

"ಅಮ್ಮೋರ ದೇವ್ರು. ಮೇಳದಾಗೆ ಅವಲಕ್ಕಿ ಹಂಚ್ತಾರಲ್ಲ, ಆ ದೇವ್ರು. ನನ್ನ ಮಗಳ ಹೆರಿಗೆ ಕಷ್ಟ ಆದಾಗ ನಾನು ಹರಕೆ ಕಟ್ಕಂಡಿದ್ದೆ. ಚಿಕ್ಕಗೌರಮ್ಮನ ಗಂಡ ಕುಡಿಯಾದು ಬುಟ್ಟಿದ್ದೂ ಆ ಸ್ವಾಮಿಯಿಂದ್ಲೇ. ಉಗ್ರಾಣದ ಹಿಂದೆ ಹೊಂಗೆ ಮರದ ಬುಡದಾಗೆ ಕಲ್ಲು ನಿಲ್ಸಿದೀವಿ. ಅಮಾಸೆ ಅಮಾಸೆಗೆ ಅರಿಶಿನ ಕುಂಕುಮ ಇಕ್ತೀವಿ."

ಎಲಿಸಮ್ಮ ತಿರುಗಿ ಸಿದ್ದಕ್ಕನನ್ನೇ ನೋಡಿದಳು. ಮೂರ್ತಿ ಕೂಡದು, ಕಲ್ಲು ಕೂಡದು, ದೇವರು ಒಬ್ಬನೇ, ಎಲಿಯಾಹು ಅವನ ಮಾತು ಹೇಳಿದ ಮನುಷ್ಯ ಅಷ್ಟೇ. ಹಾಲು ಕುಡಿಯುವಾಗಲೇ ಕಲಿತ ಪಾಠ ಅದು. ಅವಳ ಹಿತ್ತಲಲ್ಲೇ, ಅವಳ ಬೆನ್ನ ಹಿಂದೆಯೇ ಇವರು ಪ್ರವಾದಿಗೆ ಅರಿಶಿನ ಬಳಿದು ಕೂರಿಸಿದ್ದಾರೆ! ಕೋಪ ಬಂತು. ಯಾರಿಗೆ ಬೇಕಿತ್ತು ಇವರ ಇಷ್ಟು ಪ್ರೀತಿ?

ತೋಂಟದಾರ್ಯನಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನು ಬುದ್ಧಿವಂತ. ನಗು ನಿಲ್ಲಿಸಿ ಎಲಿಸಮ್ಮನ ಕಡೆಗೆ ತಿರುಗಿದ.

"ಆಯ್ತು. ನಾನು ಮಾತಿಗೆ ತಪ್ಪೋನಲ್ಲ. ಇವರು ನಿಮ್ಮ ಸಮುದಾಯದೋರು ಅಂತ ನೀವೊಂದು ಮಾತು ಹೇಳಿಬಿಡಿ. ಭಾನುವಾರ ನಿಮ್ಮದೇ. ಮದುವೆಯವರಿಗೆ ಬೇರೆ ಛತ್ರ ನಾನೇ ನೋಡ್ಕೊಡ್ತೀನಿ."

ಹೆಂಗಸರೆಲ್ಲ ಎಲಿಸಮ್ಮನ ಮುಖ ನೋಡುತ್ತಿದ್ದರು. ಒಂದು ಹೂಂ ಎಂದರೆ ಭವನ ಸಿಗುತ್ತದೆ, ಅಪ್ಪನ ಹೆಸರು ಉಳಿಯುತ್ತದೆ, ಕಣಜ ತುಂಬುತ್ತದೆ. ಶ್ರೀರಂಗಯ್ಯ ಮೂಲೆಯಿಂದಲೇ ಹೂಂ ಎನ್ನಿ, ಹೂಂ ಎನ್ನಿ ಎಂದು ತಲೆ ಆಡಿಸುತ್ತಿದ್ದ.

"ಅಲ್ಲ," ಎಂದಳು ಎಲಿಸಮ್ಮ.

ಸಿದ್ದಕ್ಕನ ಮುಖ ಬಿಳಿಚಿಕೊಂಡಿತು.

"ಇವ್ರು ನಮ್ಮೋರಲ್ಲ. ನಾನು ಇವ್ರಿಗೆ ರಾಗಿ ಕೊಟ್ಟೆ, ಇವ್ರು ಉಂಡ್ರು, ಅಷ್ಟೇ. ಅದಕ್ಕೆ ಬದಲು ಇವ್ರ ಹೆಸರು ನನ್ನ ಜಾತಿಗೆ ಬರೆಸ್ಕೊಳ್ಳಾ? ನಾಳೆ ಹೊಸಬಳು ಒಬ್ಳು ಚೀಲ ಹಿಡ್ಕೊಂಡು ಬತ್ತಾಳೆ. ಅವಳು ಬಾಗ್ಲಾಗೆ ನಿಂತು, ಈಯಮ್ಮನ ದೇವ್ರಿಗೆ ಕೈ ಮುಗಿದ್ರೆ ತಾನೇ ರಾಗಿ ಕೊಡೋದು ಅಂತ ಯೋಚ್ನೆ ಮಾಡ್ಬೇಕಾ? ಅನ್ನ ಕೊಟ್ಟು ಜನ ಕೊಂಡ್ಕೊಳ್ಳೋಳಲ್ಲ ನಾನು, ಯಜಮಾನ್ರೆ. ನನ್ನ ಸಮುದಾಯದಾಗೆ ಇರೋಳು ನಾನೊಬ್ಳೇ. ಒಬ್ಳಿಗೆ ಕೊಡೋದಾದ್ರೆ ಕೊಡಿ. ಇಲ್ದಿದ್ರೆ ನಿಮ್ಮ ಭವನ ನೀವೇ ಇಟ್ಕೊಳ್ಳಿ. ಮೇಳ ನನ್ನ ಗಾಣದ ಅಂಗಳದಾಗೆ ನಡೀತದೆ, ಭಾನುವಾರವೇ ನಡೀತದೆ, ಅದೇ ಹೆಸರ್ನಾಗೆ ನಡೀತದೆ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ಯಾರಿಗೂ ನಮಸ್ಕಾರವನ್ನೂ ಮಾಡಲಿಲ್ಲ.

ಹೆದ್ದಾರಿ ದಾಟುವ ತನಕ ಸಿದ್ದಕ್ಕ ಹಿಂದೆ ಹಿಂದೆಯೇ ಬಂದಳು. ಗಾಣದ ಬಾಗಿಲಲ್ಲಿ ಸೊಂಟದ ಬೀಗದ ಕೈ ಕಿತ್ತು ಜಗಲಿಯ ಮೇಲೆ ಎಸೆದಳು.

"ಅಷ್ಟು ಜನದ ಮುಂದೆ ನಮ್ಮೋರಲ್ಲ ಅಂದ್ಬುಟ್ರಲ್ಲಮ್ಮ. ನಾಯಿಗೆ ಅಂದಂಗೆ ಅಂದ್ರಿ."

"ನಾಯಿಗೆ ಅಂದಿದ್ದಲ್ಲ ಕಣೇ ಸಿದ್ದಕ್ಕ. ಯಾರ ಹಂಗೂ ಇಲ್ದೋರು ಅಂತ ಅಂದಿದ್ದು. ನಿನ್ನ ಚೀಲಕ್ಕೆ ಬಿದ್ದ ರಾಗಿಗೆ ನೀನು ಯಾರ ಒಕ್ಕಲೂ ಆಗ್ಬೇಕಾಗಿಲ್ಲ." ಎಲಿಸಮ್ಮ ದನಿ ಏರಿಸಿದಳು. "ಆ ಕಲ್ಲು ಮೊದ್ಲು ತೆಗಿ. ನಮ್ಮ ದೇವ್ರಿಗೆ ಕಲ್ಲಿಲ್ಲ, ಕುಂಕುಮ ಇಲ್ಲ. ನಮ್ಮಪ್ಪ ನೋಡಿದ್ರೆ ಎದೆ ಒಡ್ಕೋತಿದ್ರು."

"ಕಲ್ಲು ತೆಗೀತೀನಿ. ಹರಕೆ ಏನ್ಮಾಡ್ಲಿ? ಮಗಳು ಬದುಕವ್ಳೆ, ಕೂಸು ಬದುಕೈತೆ. ಕಾಯಿ ಒಡೀತೀನಿ ಅಂತ ಹೊತ್ಕಂಡಿದ್ದೆ. ಈ ರೇಟ್ನಾಗೆ ಕಾಯಿ ಎಲ್ಲಿ ತರ್ಲಿ ಅಂತ ಇವತ್ತು ನಾಳೆ ಅಂದ್ಕೊಂಡೇ ಬುಟ್ಟಿದ್ದೆ. ಹೊತ್ತ ಹರಕೆ ನುಂಗಿಕೊಳ್ಳಾದಾ?"

ಎಲಿಸಮ್ಮನ ಶಾಸ್ತ್ರದಲ್ಲೂ ಆಡಿದ ಹರಕೆ ತೀರಿಸದಿರುವುದು ದೊಡ್ಡ ತಪ್ಪೇ.

"ನಿಮ್ಮ ದೇವ್ರು ನಿಮ್ಮೊಬ್ರ ಸ್ವತ್ತಾ?" ಎಂದು ಸಿದ್ದಕ್ಕ ಸೆರಗು ಕೊಡವಿ ಹೊರಟುಹೋದಳು. ಬೀಗದ ಕೈ ಜಗಲಿಯ ಮೇಲೆಯೇ ಬಿದ್ದಿತ್ತು.

ಆ ವಾರ ಎಲಿಸಮ್ಮ ಒಬ್ಬಳೇ ಓಡಾಡಿದಳು. ಅವರೆ ನೆನೆಹಾಕಿದಳು, ಮೊಳಕೆ ಕಟ್ಟಿದಳು. ಅಪ್ಪನ ಕಾಲದ ತಗಡಿನ ಬೋರ್ಡು ತೊಳೆದು "ಯೆಹೂದಿ ಊಟದ ಮೇಳ" ಎಂಬ ಅಕ್ಷರಕ್ಕೆ ಹೊಸ ಬಣ್ಣ ಬಳಿದು ಹೆದ್ದಾರಿಗೆ ಮುಖ ಮಾಡಿ ಕಟ್ಟಿದಳು. ಕೊಪ್ಪರಿಗೆ, ಸೌಟು, ಸೌದೆ ಹೊಂದಿಸಿದಳು. ಹೊಂದದೆ ಉಳಿದದ್ದು ಒಂದೇ, ಕಾಯಿ. ಬಿರ್ಡಾಕ್ಕೂ ಹಲ್ವಾಕ್ಕೂ ತೆಂಗಿನಹಾಲು ಇಲ್ಲದೆ ಆಗುವುದಿಲ್ಲ. ಈಗ ನೋಡಿದರೆ ತೋಟದವರೇ ಸಾರಿಗೆ ಕಾಯಿ ಹಾಕಲು ಹಿಂದೆಮುಂದೆ ನೋಡುವ ಕಾಲ. ಕಿತ್ತದ್ದೆಲ್ಲ ಕೊಬ್ಬರಿಯಾಗಲು ಅಟ್ಟ ಸೇರುತ್ತದೆ. ತೆಂಗಿನ ಸೀಮೆಯಲ್ಲಿ ಕೂತು ತೆಂಗಿನಕಾಯಿಗೆ ಬಾಯಿಬಾಯಿ ಬಿಡುವ ಹಾಗಾಯಿತು. ಹೋದ ವರ್ಷಗಳಲ್ಲಿ ಕಾಯಿಯ ಜವಾಬ್ದಾರಿ ಸಿದ್ದಕ್ಕನದು. ಸಿದ್ದಕ್ಕ ಈ ಕಡೆ ತಲೆಯೂ ಹಾಕಲಿಲ್ಲ.

ಶುಕ್ರವಾರ ಸಂಜೆ ಎಲಿಸಮ್ಮ ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಒಳಗೆ ಕುಳಿತಳು. ಮನೆಯಲ್ಲಿದ್ದದ್ದು ಒಂದು ಬುಟ್ಟಿ ಕಾಯಿ. ಅದು ನಾಲ್ಕು ಪಂಕ್ತಿಗೂ ಸಾಲದು.

ಶನಿವಾರ ಮಧ್ಯಾಹ್ನ ಭವನದ ಕಡೆಯಿಂದ ಮೈಕಿನ ಸದ್ದು ಬಂತು. ತೋಂಟದಾರ್ಯ ಸುಮ್ಮನೆ ಕೂರುವವನಲ್ಲ, ತೆಂಗು ಉತ್ಸವ ಮಾಡಿಯೇ ತೋರಿಸಿದ್ದ. ಭಾಷಣ, ಚಪ್ಪಾಳೆ, ಮತ್ತೆ ಭಾಷಣ. ಬಿಸಿಬೇಳೆಬಾತಿನ ಒಗ್ಗರಣೆಯ ವಾಸನೆ ಹೆದ್ದಾರಿ ದಾಟಿ ಬಂದು ಎಲಿಸಮ್ಮನ ಮೂಗಿಗೆ ಬಡಿಯಿತು. ಅವಳು ನಿನ್ನೆಯ ತಣ್ಣನೆ ಅನ್ನ ತಿಂದು, ಪ್ರಾರ್ಥನೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಒಮ್ಮೆ ಅನಿಸಿತು: ಒಂದು ಹೂಂ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಹಟ ಮಾಡಿ ಕಣಜ ಬರಿದು ಮಾಡಿದೆಯಲ್ಲ ಮುದುಕಿ, ಮಳೆಗಾಲದಲ್ಲಿ ಚೀಲ ಒಡ್ಡುವವರಿಗೆ ನಿನ್ನ ಹಟ ಅಳೆದುಕೊಡುತ್ತೀಯಾ? ಭಯವೂ ಆಯಿತು. ಆದರೂ ಆಡಿದ ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಂಥದ್ದು ಒಂದೂ ಕಾಣಲಿಲ್ಲ. ಬೇಕಾದರೆ ಆ ಬುಟ್ಟಿ ಕಾಯಿಯಲ್ಲೇ ಮೇಳ ಮಾಡುತ್ತೇನೆ, ನೀರು ಮಜ್ಜಿಗೆಯಂಥ ಬಿರ್ಡಾ ಬಡಿಸುತ್ತೇನೆ, ಉಗುಳಿದವರು ಉಗುಳಲಿ ಎಂದುಕೊಂಡಳು.

ಹೊತ್ತು ಮುಳುಗಿತು. ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಅವರ ಶನಿವಾರ ಮುಗಿದಂತೆ. ಎಲಿಸಮ್ಮ ಅಂಗಳದ ಬಾಗಿಲು ತೆರೆದಳು.

ಅಂಗಳದ ತುಂಬ ಹೆಂಗಸರು ಕುಳಿತಿದ್ದರು. ಒಬ್ಬೊಬ್ಬಳ ಮುಂದೆಯೂ ಒಂದೊಂದು ತುರಿಯುವ ಮಣೆ. ನಡುವೆ ಸುಲಿದ ಕಾಯಿಗಳ ರಾಶಿ, ಸೊಂಟದ ಎತ್ತರ. ಒಂದೂ ಒಡೆದಿರಲಿಲ್ಲ. ಎಲ್ಲರೂ ಸುಮ್ಮನೆ ಕತ್ತೆತ್ತಿ ಆಕಾಶ ನೋಡುತ್ತಿದ್ದರು.

"ಅಕಾ, ಅಲ್ಲೊಂದು. ತೆಂಗಿನ ಗರಿ ಪಕ್ಕದಾಗೆ," ಎಂದಳು ಚಿಕ್ಕಗೌರಮ್ಮ. "ಮೂರಾದ್ವು."

ಸಿದ್ದಕ್ಕ ಎದ್ದು ನಿಂತಳು. ಮುಖ ಇನ್ನೂ ಬಿಗಿದೇ ಇತ್ತು. "ಮಧ್ಯಾಹ್ನದಿಂದ ಕೂತಿದೀವಿ. ನಿಮ್ಮ ಶನಿವಾರ ಮ್ಯಾಲೆ ಕೈ ಹಾಕ್ಬಾರ್ದು ಅಂತ ಸದ್ದು ಮಾಡ್ಲಿಲ್ಲ. ಇನ್ನು ಒಡೀಬೌದಾ?"

ಎಲಿಸಮ್ಮ ಹೊಸ್ತಿಲು ದಾಟಿ ಬಂದಳು. "ಇಷ್ಟು ಕಾಯಿ ಎಲ್ಲಿಂದ ತಂದ್ಯೇ?"

"ಹರಕೆ ಕಾಯಿ ಅಂತ ಕೇಳಿದ್ವಿ. ಕಾಯಿಗೆ ಎಷ್ಟೇ ರೇಟಿರ್ಲಿ, ಹರಕೆಗೆ ಅಂತ ಒಂದು ಕಾಯಿ ಕೇಳಿದ್ರೆ ಇಲ್ಲ ಅನ್ನೋ ತೋಟದೋನು ಈ ಸೀಮೇಲಿ ಹುಟ್ಟಿಲ್ಲ. ಶೆಟ್ಟಿಕೆರೆಯಿಂದ ಸಂಪಿಗೆ ಗಂಟ ತಿರುಗಿದೀವಿ. ಅಧ್ಯಕ್ಷರ ಮನೆ ಗಿರಿಜಾಂಬಿಕಮ್ನೋರು ಹಿತ್ಲ ಬಾಗ್ಲಾಗೆ ಒಂದು ಚೀಲ ಕೊಟ್ರು. ಯಜಮಾನ್ರಿಗೆ ಹೇಳ್ಬ್ಯಾಡಿ ಅಂದವ್ರೆ."

"ಸುಳ್ಳು ಹೇಳಿ ತಂದ್ರಾ?"

"ಸುಳ್ಳೆಲ್ಲಿ ಬಂತು? ಹರಕೆ ಹೊತ್ತಿರಾಳು ನಾನು. ನನ್ನ ಹರಕೆ ದಿಟ. ನೀವು ನಿಮ್ಮೋರಲ್ಲ ಅಂದ್ರಿ, ಸರಿ, ಅಲ್ಲ. ನಿಮ್ಮೋರಲ್ದೆ ಇದ್ರೂ ಬತ್ತೀವಿ. ಏನ್ಮಾಡ್ತೀರಿ?"

ಎಲಿಸಮ್ಮ ಏನು ತಾನೇ ಮಾಡಿಯಾಳು? ಅಷ್ಟರಲ್ಲಿ ಅವಳ ಕಣ್ಣು ರಾಶಿಯ ಪಕ್ಕಕ್ಕೆ ಹೋಯಿತು. ಮೊಣಕಾಲೆತ್ತರದ ಕರಿಕಲ್ಲೊಂದನ್ನು ಅಡ್ಡ ಮಲಗಿಸಿದ್ದರು. ಚೆನ್ನಾಗಿ ತೊಳೆದಿದ್ದರು. ಆದರೂ ಸಂದಿಯಲ್ಲಿ ಒಂದೆರಡು ಕಡೆ ಅರಿಶಿನದ ಹಳದಿ ಉಳಿದಿತ್ತು.

"ಕಲ್ಲು ತೆಗಿ ಅಂದ್ರಲ್ಲ, ತೆಗ್ದೆ," ಎಂದಳು ಸಿದ್ದಕ್ಕ. "ದೇವ್ರು ಅಲ್ಲ ಅಂದ್ಮೇಲೆ ಅದು ಬರೀ ಕಲ್ಲು. ಕಲ್ಲು ಸುಮ್ಕೆ ಯಾಕೆ ಕೂತಿರ್ಬೇಕು? ಕಾಯಿ ಒಡೆಯೋಕಾಯ್ತದೆ." ಎಂದವಳೇ ರಾಶಿಯಿಂದ ಒಂದು ಕಾಯಿ ಎತ್ತಿ ಕಣ್ಣಿಗೊತ್ತಿಕೊಂಡು ಆ ಕಲ್ಲಿಗೆ ಬಡಿದಳು. ಕಾಯಿ ಸಮನಾಗಿ ಎರಡು ಹೋಳಾಯಿತು. ನೀರು ಕಲ್ಲಿನ ಮೇಲೆಲ್ಲ ಹರಿಯಿತು. "ನಂದು ತೀರ್ತು," ಎಂದು ಹೋಳುಗಳನ್ನು ಚಿಕ್ಕಗೌರಮ್ಮನ ಮಣೆಯ ಕಡೆ ಉರುಳಿಸಿ ಮುಂದಿನ ಕಾಯಿ ಎತ್ತಿಕೊಂಡಳು.

ಎಲಿಸಮ್ಮ ಜಗಲಿಯ ಮೇಲೆ ಸೋಮವಾರದಿಂದ ಬಿದ್ದಿದ್ದ ಬೀಗದ ಕೈ ತಂದು ಸಿದ್ದಕ್ಕನ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಆಮೇಲೆ ಒಲೆ ಹೊತ್ತಿಸಿದಳು.

ಭಾನುವಾರ ಬೆಳಗ್ಗೆ ಹಲ್ವಾದ ಘಮ ಕ್ರಾಸಿನ ಬಸ್ ನಿಲ್ದಾಣಕ್ಕೆ ಮುಟ್ಟುವ ಹೊತ್ತಿಗೆ ಗಾಣದ ಮುಂದೆ ಜನ ಸೇರತೊಡಗಿದ್ದರು. ಹರಕೆ ಕಾಯಿ ಕೊಟ್ಟ ತೋಟದವರೆಲ್ಲ, ಕೊಟ್ಟ ಕಾಯಿ ಯಾವ ದೇವರಿಗೆ ಹೋಯಿತು ನೋಡೋಣ ಎಂದು ಬಂದಿದ್ದರು. ಬಂದವರು ಬರಿಗೈಲಿ ಬರಲಿಲ್ಲ. ಬಾಗಿಲಲ್ಲಿ ಸಿದ್ದಕ್ಕ ಸೇರು ಹಿಡಿದು ಅಳೆದಳು. ರಾಗಿ, ಅಕ್ಕಿ, ಹುರುಳಿ, ಅವರೆ. ಶ್ರೀರಂಗಯ್ಯ ಒಂದು ಮೂಟೆ ರಾಗಿಯನ್ನೇ ಬೈಕಿನ ಮೇಲೆ ಹೇರಿಕೊಂಡು ಬಂದ. ಬೇರೆಡೆಗೆ ಹೊರಟಿದ್ದ ಬಸ್ಸಿನವರು ಇಳಿದು, ಪಕ್ಕದ ಅಂಗಡಿಯಲ್ಲಿ ಅಕ್ಕಿ ಕೊಂಡು ತಂದು ಅಳೆದು ಒಳಗೆ ಬಂದರು. ಅಂಗಳ ಸಾಲದೆ ಪಂಕ್ತಿ ರಸ್ತೆಯ ಅಂಚಿಗೆ ಬಂತು.

ಊಟಕ್ಕೆ ಮೊದಲು ಮಲಿದಾದ ದೊಡ್ಡ ತಟ್ಟೆ ಹೊರಗೆ ಬಂತು. ಎಲಿಸಮ್ಮ ತಲೆಯ ಮೇಲೆ ಸೆರಗು ಹೊದ್ದು ಅದರ ಮುಂದೆ ನಿಂತಳು. ಹತ್ತು ಜನ ಗಂಡಸರಿಲ್ಲ, ಚಿಕ್ಕಪ್ಪನಿಲ್ಲ, ಲೆಕ್ಕಕ್ಕೆ ಬಾರದ ಹೆಂಗಸು ಒಬ್ಬಳೇ. ಇಷ್ಟು ವರ್ಷ ಗಂಡಸರ ಹಿಂದೆ ನಿಂತು ತುಟಿ ಅಲ್ಲಾಡಿಸಿದ ಪ್ರಾರ್ಥನೆ ಪೂರ್ತಿ ಬಾಯಿಗೆ ಬರುತ್ತಿತ್ತು. ತಪ್ಪಾದರೆ ಆಗಲಿ, ಕೇಳಬೇಕಾದವನಿಗೆ ಎಣಿಸಲು ಬರುತ್ತದೆ ಎಂದುಕೊಂಡು ಗಂಟಲೆತ್ತಿ ಹೇಳಿದಳು. ರಸ್ತೆಯ ಲಾರಿಗಳ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಮುಗಿದಾಗ ಸಂಪಿಗೆಯವರು ಅಭ್ಯಾಸಬಲದಿಂದ "ಗೋವಿಂದಾ" ಎಂದು ಬಾಯಿ ತೆರೆದರು. ಎಲಿಸಮ್ಮ ಅವರ ಕಡೆ ಕೆಂಗಣ್ಣು ಬಿಟ್ಟಳು. ಅರ್ಧ ಗೋವಿಂದ ಅಲ್ಲೇ ನಿಂತಿತು.

ಮೂರನೆಯ ಪಂಕ್ತಿ ಏಳುವಾಗ ತೋಂಟದಾರ್ಯ ಬಂದ. ಭವನದ ಮದುವೆಗೆ ಬಂದವರಲ್ಲಿ ಅರ್ಧ ಜನ ಇತ್ತ ಬಂದಿದ್ದಾರೆ ಎಂದು ಯಾರೋ ಹೇಳಿದ್ದರಂತೆ. ಬಾಗಿಲಲ್ಲಿ ನಿಂತು, ಅಂಗಳ ನೋಡಿ, ರಸ್ತೆ ನೋಡಿ, ಬೋರ್ಡು ನೋಡಿದ.

"ಏನ್ರೀ ಎಲಿಸಮ್ಮನೋರೇ, ನಿಮ್ಮ ಸಮುದಾಯ ಭಾರಿ ಬೆಳೆದುಬಿಟ್ಟಿದೆಯಲ್ಲ!" ಎಂದ. ದನಿಯಲ್ಲಿ ನಗೆಯಿತ್ತು, ಅದು ಮುಖಕ್ಕೆ ಏರಲಿಲ್ಲ.

"ಇಲ್ಲ ಯಜಮಾನ್ರೆ. ಮೊನ್ನೆ ಎಷ್ಟಿದ್ವೋ ಇವತ್ತೂ ಅಷ್ಟೇ. ಒಬ್ಳೇ."

ಸಿದ್ದಕ್ಕ ಸೇರು ಮುಂದೆ ಚಾಚಿದಳು. "ಧಾನ್ಯ ಎಲ್ಲಿ ಯಜಮಾನ್ರೆ?"

ತೋಂಟದಾರ್ಯ ಜೇಬು ಮುಟ್ಟಿಕೊಂಡ. ಅಲ್ಲಿ ದುಡ್ಡಿತ್ತು, ಧಾನ್ಯವಿರಲಿಲ್ಲ. ಪಂಕ್ತಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

"ಬುಡು ಸಿದ್ದಕ್ಕ," ಎಂದಳು ಎಲಿಸಮ್ಮ. "ಇಲ್ದೋರ್ನ ಯಾಕೆ ಅಂತ ಕೇಳೋ ಹಾಗಿಲ್ಲ. ನಮ್ಮಪ್ಪನ ನಿಯಮ. ಅವ್ರಿಗೊಂದು ಎಲೆ ಹಾಕು."

ತೋಂಟದಾರ್ಯನ ಕಿವಿ ಕೆಂಪಾದವು. ಹಿಂದಕ್ಕೆ ಹೋಗುವುದೋ ಒಳಗೆ ಬರುವುದೋ ಎಂದು ಒಂದು ಗಳಿಗೆ ಅಲ್ಲೇ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಬಂದು, ಗೋದಾಮಿನ ಹೆಂಗಸರ ಪಂಕ್ತಿಯ ಕೊನೆಯಲ್ಲಿ ಖಾಲಿಯಿದ್ದ ಎಲೆಯ ಮುಂದೆ ಕುಳಿತ. ಎಲಿಸಮ್ಮ ತಾನೇ ಹಲ್ವಾದ ತಟ್ಟೆ ಹಿಡಿದು ಬಂದು, ಎಲ್ಲರಿಗೂ ಒಂದು ತುಂಡು ಹಾಕಿದ ಹಾಗೆ ಅವನಿಗೂ ಒಂದೇ ತುಂಡು ಹಾಕಿದಳು.

"ಉಣ್ಣಿ ಯಜಮಾನ್ರೆ. ಮುಂದಿನ ವರ್ಷ ಇದೇ ಭಾನುವಾರ ಭವನದ ಬೀಗ ತೆಗೆದಿಡಿ," ಎಂದಳು. "ಒಬ್ಳೇ ಬತ್ತೀನಿ."